ತೆರೆದ ಬಾಯಿಯ ಚಿತ್ರ

ಹೋದ ತಿಂಗಳು ನನ್ನ ಕಾಮಿಕ್ಸ್ ಪುಸ್ತಕದ ಒಂದು ಪುಟಕ್ಕೆ ಮಸಿ ಹಾಕಿ, ಒಣಗಲಿ ಅಂತ ಮೇಜಿನ ಮೇಲೆ ಬಿಟ್ಟಿದ್ದೆ. ಅವ್ವ ಚಹಾ ತಂದಿಟ್ಟಳು. ಕನ್ನಡಕ ಸರಿ ಮಾಡಿಕೊಂಡು, ಬಗ್ಗಿ, ಸ್ವಲ್ಪ ಹೊತ್ತು ಆ ಪುಟ ನೋಡಿದಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು: "ಈಕಿ ಯಾಕ ಅಳಾಕತ್ತಾಳ?"

ಅವರು ಅಳುತ್ತಿರಲಿಲ್ಲ. ಹಾಡುತ್ತಿದ್ದರು. ಆ ಒಂದು ಪುಟಕ್ಕೆ ನಾನು ಮೂರು ದಿನ ಕೊಟ್ಟಿದ್ದೆ. ಎರಡು ತಂಬೂರಿ, ಜಮಖಾನೆ, ಹಿಂದೆ ತಬಲಾದವರ ಕೈ, ಎಲ್ಲವೂ ಸರಿಯಾಗಿ ಕೂತಿತ್ತು. ನಡುವಿನ ದೊಡ್ಡ ಚೌಕಟ್ಟಿನಲ್ಲಿ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರು ಒಂದು ಕೈ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬಾಯಿ ತೆರೆದು ಹಾಡುತ್ತಿರುವ ಚಿತ್ರ. ಹಳೆಯ ಫೋಟೋಗಳನ್ನು ಎದುರಿಗೆ ಇಟ್ಟುಕೊಂಡೇ ಬರೆದದ್ದು. ಮುಖದ ಹೋಲಿಕೆಯೂ ಬಂದಿತ್ತು. ಆದರೆ ಅವ್ವ ಹೇಳಿದ ಮೇಲೆ ನೋಡಿದರೆ ನನಗೂ ಅಳುವೇ ಕಾಣತೊಡಗಿತು. ಹಣೆಯ ಗೆರೆ, ಬಿಗಿದ ಕತ್ತು, ತೆರೆದ ಬಾಯಿ. ಯಾರೋ ತೀರಿಕೊಂಡ ಸುದ್ದಿ ಬಂದಾಗಿನ ಮುಖ ಅದು.

ಆವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಮಾಡುವ ಕೆಲಸಕ್ಕೆ ಕಿವಿ ಇಲ್ಲ. ಕಾಗದ, ಮಸಿ, ಗೆರೆ, ಅಷ್ಟೆ. ಅದರಲ್ಲಿ ಹಾಡು ಬರೆಯುವುದು ಹೇಗೆ?

ಇದನ್ನು ನೀವೂ ಮಾಡಿ ನೋಡಬಹುದು. ಯಾವುದಾದರೂ ಕಛೇರಿಯ ವಿಡಿಯೋ ಹಾಕಿ. ನಿಮಗೆ ತುಂಬಾ ಇಷ್ಟವಾದ ಗಾಯಕರದ್ದೇ ಇರಲಿ. ಅವರು ತಾರ ಸಪ್ತಕಕ್ಕೆ, ಅಂದರೆ ಎತ್ತರದ ಸ್ವರಗಳಿಗೆ, ಹೋದಾಗ ವಿಡಿಯೋ ನಿಲ್ಲಿಸಿ. ನಿಂತ ಮುಖದಲ್ಲಿ ನೋವು ಕಾಣುತ್ತದೆ, ಸಿಟ್ಟು ಕಾಣುತ್ತದೆ, ಒಮ್ಮೊಮ್ಮೆ ಹಲ್ಲುನೋವಿನ ಹಾಗೆ ಕಾಣುತ್ತದೆ. ಮತ್ತೆ ಓಡಿಸಿದ ತಕ್ಷಣ ಅದೆಲ್ಲ ಮಾಯ. ಸ್ವರ ಬಂದ ಕೂಡಲೇ ಮುಖ ಬೇರೆಯಾಗುತ್ತದೆ. ಅಂದರೆ ನಾವು ಕಛೇರಿಯಲ್ಲಿ ಕೂತಾಗ ಆ ಬಾಯಿಯನ್ನು ನಿಜವಾಗಿ ನೋಡುತ್ತಲೇ ಇರುವುದಿಲ್ಲ. ಕಿವಿ ತೋರಿಸಿದ್ದನ್ನು ಕಣ್ಣು ಒಪ್ಪಿಕೊಂಡು ಕೂತಿರುತ್ತದೆ. ನಾನು ಮಾಡಿದ್ದೇನು? ಕಿವಿಯನ್ನು ತೆಗೆದುಹಾಕಿ ಬರೀ ಬಾಯಿ ಕೊಟ್ಟೆ. ಅವ್ವ ಕಂಡದ್ದನ್ನೇ ಹೇಳಿದಳು.

ಕುಂದಗೋಳದ ರೈಲು

ಈಗ ಮಾಡುತ್ತಿರುವ ಪುಸ್ತಕ 48 ಪುಟಗಳದ್ದು. ಗಂಗೂಬಾಯಿ ಅವರ ಇಡೀ ಬದುಕು ಅದರಲ್ಲಿ ಇಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ್ದು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಹಾಡಿದ್ದು, ಪದ್ಮವಿಭೂಷಣ, ಇವೆಲ್ಲ ನಿಮಗೆ ಗೊತ್ತೇ ಇದೆ. ನನಗೆ ಬೇಕಿದ್ದದ್ದು ಒಂದು ರೈಲು ಮಾತ್ರ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಬರುವ ರೈಲು. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಅವರು ಆ ರೈಲು ಹತ್ತುತ್ತಿದ್ದ ವರ್ಷಗಳು. ಆಗ ಅವರು ಹುಡುಗಿಯಲ್ಲ. ಇಪ್ಪತ್ತೈದರ ಹತ್ತಿರದ ಹೆಂಗಸು, ಮಕ್ಕಳ ತಾಯಿ. ಅಷ್ಟರಲ್ಲಿ ಗ್ರಾಮಫೋನ್ ರೆಕಾರ್ಡುಗಳು ಬಂದು ಹೆಸರೂ ಆಗಿತ್ತು. ಹೆಸರಾದ ಮೇಲೂ ಮತ್ತೆ ಶಿಷ್ಯೆಯಾಗಿ ನೆಲದ ಮೇಲೆ ಕೂತು 'ಸಾ'ದಿಂದ ಶುರು ಮಾಡಿದವರು ಅವರು. ಆ ಹೆಂಗಸು ರೈಲಿನಲ್ಲಿ ಒಬ್ಬರೇ ಹೋಗಿ ಬರುವುದನ್ನು ಜನ ಆಡಿಕೊಳ್ಳುತ್ತಿದ್ದರು. ಅವರು ಹೋಗುವುದನ್ನು ನಿಲ್ಲಿಸಲಿಲ್ಲ.

ದೂರ ಹೆಚ್ಚೇನಿಲ್ಲ, ಸುಮಾರು 20 ಕಿಲೋಮೀಟರ್. ಈಗಲೂ ಆ ಹಾದಿಯಲ್ಲಿ ರೈಲು ಓಡುತ್ತದೆ. ನಾನು ಈ ಪುಸ್ತಕಕ್ಕಾಗಿ ನಾಲ್ಕು ಸಲ ಹೋಗಿ ಬಂದೆ. ಕಿಟಕಿಯ ಹೊರಗೆ ಎರೆಮಣ್ಣು. ಹತ್ತಿ, ಜೋಳ, ಮೆಣಸಿನಕಾಯಿ. ಬೇಸಿಗೆಯಲ್ಲಿ ಆ ನೆಲ ಬಾಯಿ ಬಿಟ್ಟಿರುತ್ತದೆ. ಬಿರುಕುಗಳನ್ನು ಬರೆಯಲು ನನಗೆ ಬಹಳ ಇಷ್ಟ, ಬ್ರಷ್ ತಾನಾಗಿಯೇ ಓಡುತ್ತದೆ. ಆದರೆ ಸ್ಟೇಷನ್ ಬರೆಯುವುದೇ ಕಷ್ಟವಾಯಿತು. ಈಗಿನ ಹುಬ್ಬಳ್ಳಿ ಸ್ಟೇಷನ್ನಿನ ಒಂದು ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ಅಲ್ಲಿ ನಿಂತು ಎಷ್ಟು ಕಣ್ಣು ಕಿರಿದು ಮಾಡಿದರೂ 1938 ಕಾಣುವುದಿಲ್ಲ. ಆಗ ಮೀಟರ್ ಗೇಜ್ ಹಳಿ, ಕಲ್ಲಿದ್ದಲಿನ ಎಂಜಿನ್, ಮೈಮೇಲೆಲ್ಲ ಮಸಿ ಕಣ. ಬಿಳಿ ಸೀರೆಯೋ ಬಣ್ಣದ ಸೀರೆಯೋ ಎಂದು ಒಂದು ವಾರ ಯೋಚಿಸಿದೆ. ಕೊನೆಗೆ ಯಾವ ಸೀರೆಯಾದರೂ ಮನೆಗೆ ಬರುವ ಹೊತ್ತಿಗೆ ಸೆರಗಿನ ಅಂಚಿನಲ್ಲಿ ಕಪ್ಪು ಚುಕ್ಕೆ ಇದ್ದೇ ಇರುತ್ತದೆ ಅಂತ ಅನ್ನಿಸಿತು. ಈಗ ನನ್ನ ಪುಸ್ತಕದಲ್ಲಿ ಹೋಗುವಾಗಿನ ಸೀರೆ ಸ್ವಚ್ಛ, ಬರುವಾಗಿನ ಸೀರೆಗೆ ಚುಕ್ಕೆ. ಯಾರೂ ಗಮನಿಸದೆ ಇರಬಹುದು. ನನಗೆ ಮಾತ್ರ ಆ ಚುಕ್ಕೆ ಇಡುವಾಗ ಅವರು ನಿಜವಾಗಿ ಪ್ರಯಾಣ ಮಾಡಿ ಬಂದರು ಅನ್ನಿಸುತ್ತದೆ.

ಸವಾಯಿ ಗಂಧರ್ವರು ಕಲಿಸುವ ರೀತಿ ಬಗ್ಗೆ ಗಂಗೂಬಾಯಿ ಅವರು ಹೇಳಿಕೊಂಡ ಒಂದು ಮಾತಿದೆ. ಜಿಪುಣ ದುಡ್ಡು ಖರ್ಚು ಮಾಡುವ ಹಾಗೆ ಸ್ವರ ಖರ್ಚು ಮಾಡಬೇಕು ಅಂತ ಗುರುಗಳು ಕಲಿಸಿದರಂತೆ. ಕೇಳುವವರು ಮುಂದಿನ ಸ್ವರಕ್ಕೆ ಕಾಯಬೇಕು. ಒಂದೇ ಸಲ ಎಲ್ಲವನ್ನೂ ಎದುರಿಗೆ ಸುರಿದುಬಿಟ್ಟರೆ ಕಾಯುವುದಕ್ಕೆ ಏನು ಉಳಿಯಿತು? ಈ ಮಾತು ಓದಿದ ದಿನ ನಾನು ಅದನ್ನು ಒಂದು ಚೀಟಿಯಲ್ಲಿ ಬರೆದು ದೀಪದ ಕಂಬಕ್ಕೆ ಅಂಟಿಸಿದೆ. ಗೆರೆಗಳಿಗೂ ಇದೇ ಮಾತು ಅಲ್ವಾ. ಆದರೆ ಚೀಟಿ ಅಂಟಿಸಿದ ಮೇಲೂ ನಾನು ಆ ಹಾಡುವ ಮುಖಕ್ಕೆ ಅಷ್ಟೊಂದು ಗೆರೆ ಹಾಕಿದ್ದೆ. ಗೆರೆ ಜಾಸ್ತಿಯಾದಷ್ಟೂ ಹಾಡು ಕಾಣುತ್ತದೆ ಅಂದುಕೊಂಡಿದ್ದೆ.

ಇನ್ನೊಂದು ತೊಡಕೂ ಇದೆ. ಗಂಗೂಬಾಯಿ ಅವರ ಧ್ವನಿ ಬದಲಾಯಿತು. ಮೊದಲ ರೆಕಾರ್ಡುಗಳಲ್ಲಿ 'ಗಾಂಧಾರಿ' ಅನ್ನುವ ಹೆಸರಿನಲ್ಲಿ ಹಾಡಿದ್ದಾರೆ. ಆ ಧ್ವನಿ ತೆಳು, ಚೂಪು, ಎತ್ತರ. ಆಮೇಲೆ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾಯಿತು, ಧ್ವನಿ ಕೆಳಗಿಳಿಯಿತು. ನಾವೆಲ್ಲ ಕೇಳಿ ಬೆಳೆದದ್ದು ಆ ಗಡಸು, ಆಳದ ಧ್ವನಿಯನ್ನೇ. ಎರಡನ್ನೂ ಒಂದರ ಹಿಂದೆ ಒಂದು ಹಾಕಿದರೆ ಒಬ್ಬರೇ ಅಂತ ನಂಬುವುದು ಕಷ್ಟ. ಧ್ವನಿ ಬದಲಾದದ್ದೇ ಅವರ ಬದುಕಿನ ದೊಡ್ಡ ತಿರುವು. ಆದರೆ ಕನ್ನಡಿಯಲ್ಲಿ ಅದು ಕಾಣುವುದಿಲ್ಲ. ಮುಖ ಅದೇ, ಮೂಗುತಿ ಅದೇ, ಹಣೆಯ ಕುಂಕುಮ ಅದೇ.

ನಮ್ಮ ಅಕ್ಷರ, ನಮ್ಮ ಸದ್ದು

ಕಾಮಿಕ್ಸ್‌ನಲ್ಲಿ ಸದ್ದು ಬರೆಯಲು ಒಂದು ದಾರಿ ಮೊದಲಿಂದಲೂ ಇದೆ, ಅಕ್ಷರ. ಕನ್ನಡದಲ್ಲಿ ಈ ದಾರಿ ನಡೆಯುವವರಿಗೆ ಅದರ ಸುಖ ದುಃಖ ಎರಡೂ ಗೊತ್ತು. ದುಃಖ ಮೊದಲು ಹೇಳುತ್ತೇನೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ಎರಡು ಸಾಲಿನ ನಡುವೆ ಒಂದಿಷ್ಟು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪದಗಳೂ ಉದ್ದ. 'ಹೋಗಬೇಕಾಗಿತ್ತಂತೆ' ಒಂದೇ ಪದ. ಅದನ್ನು ಎಲ್ಲಿ ಮುರಿಯುತ್ತೀರಿ? ಹಾಗಾಗಿ ಮಾತಿನ ಬಲೂನು ಅಗಲ ಆಗುತ್ತಲೇ ಹೋಗುತ್ತದೆ, ಚಿತ್ರಕ್ಕೆ ಜಾಗ ಕಡಿಮೆ. ನಾನು ಚಿಕ್ಕವಳಿದ್ದಾಗ ಅನುವಾದವಾಗಿ ಬರುತ್ತಿದ್ದ ಕಾಮಿಕ್ಸ್‌ಗಳಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಒತ್ತಿಕೊಂಡಿರುತ್ತಿದ್ದವು. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಆ ಬಲೂನುಗಳನ್ನು ಇಂಗ್ಲಿಷ್ ಪದಗಳ ಅಳತೆಗೆ ಬರೆದಿದ್ದರು, ಅದರೊಳಗೆ ಕನ್ನಡ ಉಸಿರು ಬಿಗಿಹಿಡಿದು ಕೂತಿರುತ್ತಿತ್ತು.

ಇದರಲ್ಲಿ ನನಗೆ ಬೇಜಾರಾಗುವ ಒಂದು ಸಂಗತಿಯಿದೆ. ಅಮರ ಚಿತ್ರ ಕಥೆ ಅನ್ನುವ ಹೆಸರಿನ ಮೊದಲ ಪುಸ್ತಕಗಳು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಿಂದ. ಅವು ಹತ್ತು ಪುಸ್ತಕಗಳು, ಹೊರದೇಶದ ಮಕ್ಕಳ ಕಥೆಗಳ ಕನ್ನಡ ರೂಪ. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಕೈಯಲ್ಲಿ ಅದು ಇಡೀ ದೇಶದ್ದಾಯಿತು. ಆ ಹತ್ತರ ಮುಂದೆ ಬಂದ 'ಕೃಷ್ಣ' ಪುಸ್ತಕದ ಸಂಖ್ಯೆ 11 ಆಗಿದ್ದು ಅದಕ್ಕೇ. ಶುರುವಾಗಿದ್ದು ನಮ್ಮಲ್ಲಿ. ಆದರೂ ಕನ್ನಡದಲ್ಲೇ ಯೋಚಿಸಿ, ಕನ್ನಡದ ಅಕ್ಷರಕ್ಕೆ ಜಾಗ ಬಿಟ್ಟು ಬರೆದ ಕಾಮಿಕ್ಸ್ ನಮ್ಮ ಮನೆಗಳಲ್ಲಿ ಎಷ್ಟಿವೆ? ನಾನು ಚಿತ್ರ ಕಲಿತದ್ದು ಚಂದಮಾಮದ ಶಂಕರ್ ಅವರ ವಿಕ್ರಮ ಬೇತಾಳವನ್ನು ತೆಳು ಕಾಗದ ಇಟ್ಟು ನಕಲು ಮಾಡಿ. ಅಲ್ಲಿ ಬಲೂನು ಇರಲಿಲ್ಲ, ಮಾತೆಲ್ಲ ಕಥೆಯಲ್ಲಿ, ಚಿತ್ರ ತನ್ನ ಪಾಡಿಗೆ ತಾನು. ಅದಕ್ಕೇ ಇರಬೇಕು, ಇವತ್ತಿಗೂ ನಾನು ಮೊದಲು ಚಿತ್ರ ಬರೆದು ಆಮೇಲೆ ಮಾತಿಗೆ ಜಾಗ ಹುಡುಕುವುದಿಲ್ಲ. ಮೊದಲು ಕೈಬರಹದಲ್ಲಿ ಮಾತು ಬರೆಯುತ್ತೇನೆ. ಉಳಿದ ಜಾಗದಲ್ಲಿ ಜನರನ್ನು ಕೂರಿಸುತ್ತೇನೆ.

ಇನ್ನು ಸುಖ. ಸದ್ದಿನ ಪದಗಳಿಗೆ ಕನ್ನಡದಂಥ ಭಾಷೆ ಬೇರೆ ಬೇಕಾ? ಮಳೆ ಪಟಪಟ ಬೀಳುತ್ತದೆ, ಜಡಿಮಳೆಯಾದರೆ ಧೋ ಅನ್ನುತ್ತದೆ, ಸೂರಿನಿಂದ ತೊಟ್ ತೊಟ್. ಬಾಗಿಲು ದಡ್ ಅನ್ನುತ್ತದೆ, ಕಿರ್ ಅನ್ನುತ್ತದೆ. ರೈಲಿಗಂತೂ ಊರಿಗೊಂದು ಸದ್ದು. ನಮ್ಮಲ್ಲಿ ಸಣ್ಣ ಮಕ್ಕಳು ಝುಕುಝುಕು ಅನ್ನುತ್ತಾರೆ. ನನ್ನ ರೈಲಿನ ಪುಟಗಳಲ್ಲಿ ಆ ಅಕ್ಷರಗಳನ್ನೇ ಹೊಗೆಯ ಹಾಗೆ ಹಿಂದಕ್ಕೆ ಓರೆಯಾಗಿಸಿ ಬರೆದಿದ್ದೇನೆ. ಅಷ್ಟೆಲ್ಲ ಇದ್ದೂ, ಒಂದೇ ಸ್ವರದ ಮೇಲೆ ನಿಂತ ಕಂಠಕ್ಕೆ ಪದ ಇಲ್ಲ. 'ಆ' ಅಂತ ಬರೆದು ಹಿಂದೆ ಇಪ್ಪತ್ತು ಚುಕ್ಕೆ ಇಟ್ಟೆ. ಡಾಕ್ಟರು ನಾಲಿಗೆ ತೋರಿಸು ಅಂದ ಹಾಗಾಯಿತು. ಸ್ವರಗಳ ಹೆಸರನ್ನೇ ಬರೆದೆ, 'ನಿ ರೆ ಗ'. ಅದು ಪಾಠದ ಪುಸ್ತಕ ಆಯಿತು. ಬೇರೆ ಕಡೆಯ ಕಾಮಿಕ್ಸ್‌ಗಳಲ್ಲಿ ಬಾಲ ಇರುವ ಕಪ್ಪು ಚುಕ್ಕೆಗಳನ್ನು ಗಾಳಿಯಲ್ಲಿ ತೇಲಿಸುತ್ತಾರಲ್ಲ, ಅದನ್ನು ಮಾಡಲು ಮನಸ್ಸು ಒಪ್ಪಲಿಲ್ಲ. ಕುಂದಗೋಳದಲ್ಲಿ ಯಾರೂ ಆ ಚುಕ್ಕೆ ನೋಡಿ ಹಾಡಿದವರಲ್ಲ.

ಆಮೇಲೆ ತಂಬೂರಿಯ ನಾಲ್ಕು ತಂತಿ ನೆನಪಾಯಿತು. ಪುಟದ ಎಲ್ಲ ಚೌಕಟ್ಟುಗಳ ಹಿಂದೆ ನಾಲ್ಕು ಸಣ್ಣ ಗೆರೆ ಎಳೆದೆ. ಹಾಡು ನಡೆದಷ್ಟು ಹೊತ್ತು ಆ ಗೆರೆಗಳು ಪುಟದಿಂದ ಪುಟಕ್ಕೆ ಹರಿಯುತ್ತಲೇ ಇರಬೇಕು, ಶ್ರುತಿಯ ಹಾಗೆ. ನನಗೆ ತುಂಬಾ ಇಷ್ಟವಾದ ಯೋಚನೆ ಅದು. ಆರು ಪುಟಕ್ಕೆ ಎಳೆದೂ ಬಿಟ್ಟೆ. ನನ್ನ ಹತ್ತು ವರ್ಷದ ಮಗ ನೋಡಿ, ರೈಲಿನ ಪಕ್ಕದ ಕರೆಂಟ್ ತಂತಿ ಮನೆಯೊಳಗೂ ಯಾಕೆ ಬಂದಿದೆ ಅಂತ ಕೇಳಿದ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಅಳಿಸಿದೆ.

ಮಗ ಓದುವುದನ್ನು ನೋಡುತ್ತಾ ನಾನು ಇನ್ನೊಂದು ಕಲಿತೆ. ಮಾತಿಲ್ಲದ ಚೌಕಟ್ಟನ್ನು ಅವನು ಎಲ್ಲಕ್ಕಿಂತ ಬೇಗ ದಾಟುತ್ತಾನೆ. ಕಛೇರಿಯಲ್ಲಿ ಮೌನ ಬಂದರೆ ಕಾಲ ನಿಧಾನವಾಗುತ್ತದೆ. ಕಾಗದದ ಮೇಲೆ ಮೌನ ಬಂದರೆ ಓದುವವರು ಓಡುತ್ತಾರೆ. ಗಾಯಕರ ಕೈಯಲ್ಲಿ ಲಯ ಇರುತ್ತದೆ, ಇಡೀ ಸಭೆ ಅದಕ್ಕೆ ಕಟ್ಟುಬಿದ್ದು ಕೂತಿರುತ್ತದೆ. ನನ್ನ ಲಯ ಓದುವವರ ಬೆರಳಿನಲ್ಲಿದೆ, ಪುಟ ತಿರುವುವ ಬೆರಳಿನಲ್ಲಿ. ಅವರನ್ನು ನಿಲ್ಲಿಸಬೇಕಾದರೆ ಕಣ್ಣಿಗೆ ಏನಾದರೂ ಕೆಲಸ ಕೊಡಬೇಕು. ಒಂದು ಸಣ್ಣ ವಿವರ, ಹುಡುಕಿದರೆ ಮಾತ್ರ ಸಿಗುವಂಥದ್ದು.

ಕೆಲಸದ ಹೊತ್ತಿನಲ್ಲಿ ಕೇಳುವುದು

ಬೆಳಿಗ್ಗೆ ಐದರಿಂದ ಎಂಟರವರೆಗೆ ಈ ಪುಸ್ತಕ. ಆಮೇಲೆ ಹೊಟ್ಟೆಪಾಡಿನ ಕೆಲಸ. ಶಾಲೆಯ ಪುಸ್ತಕಗಳಿಗೆ ಹೂವಿನ ಭಾಗಗಳು, ಆಸ್ಪತ್ರೆಯ ಗೋಡೆಗೆ ಕೈ ತೊಳೆಯುವ ಚಿತ್ರ, ಮದುವೆಯ ಕಾರ್ಡು. ಅದನ್ನೂ ಪ್ರೀತಿಯಿಂದಲೇ ಮಾಡುತ್ತೇನೆ. ಹೋದ ವರ್ಷ ಒಬ್ಬರು ಅರವತ್ತು ಚಿತ್ರ ಬರೆಸಿಕೊಂಡು ಇನ್ನೂ ದುಡ್ಡು ಕೊಟ್ಟಿಲ್ಲ. ಆ ವಿಷಯ ಇಲ್ಲಿ ಬೇಡ. ಬೆಳಗಿನ ಮೂರು ಗಂಟೆ ನನ್ನದು.

ಪೆನ್ಸಿಲ್ ಹಿಡಿದಾಗ ಕಿರಾಣಾ ಘರಾಣೆಯವರೇ, ಅಂದರೆ ಗಂಗೂಬಾಯಿ ಅವರ ಗಾಯನ ಪರಂಪರೆಯವರೇ ಆಗಬೇಕು. ಗಂಗೂಬಾಯಿ ಅವರ ಪೂರಿಯಾ, ಮಾರವಾ ರಾಗಗಳು. ವಿಲಂಬಿತ ಏಕತಾಲದ, ಅಂದರೆ ನಿಧಾನ ಲಯದ ಹನ್ನೆರಡು ಮಾತ್ರೆಯ ತಾಳದ, ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷ ಆಗುತ್ತದೆ. ಅಷ್ಟರಲ್ಲಿ ನಾನು ಒಂದು ಮುಖದ ಅಂಡಾಕಾರ ಬರೆದು ಅಳಿಸಿ ಮತ್ತೆ ಬರೆದಿರುತ್ತೇನೆ. ಅವರು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ಅವಸರ ಮಾಡುವುದಿಲ್ಲ, ಹಾಗಾಗಿ ನನಗೂ ಅವಸರ ಇರುವುದಿಲ್ಲ. ಮಸಿ ಹಾಕುವಾಗ ಮಲ್ಲಿಕಾರ್ಜುನ ಮನಸೂರರು. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಅವರಿಂದ ಕಲಿತ ಜೈಪುರ ಘರಾಣೆಯ ಹಾಡುವ ಶೈಲಿ ಅದು. ಒಂದು ತಾನ, ಅಂದರೆ ವೇಗದ ಸ್ವರಗಳ ಒಂದು ಸರಣಿ, ಮುಗಿಯಿತು ಅನ್ನುವಷ್ಟರಲ್ಲಿ ಅದರ ಬಾಲದಿಂದಲೇ ಮುಂದಿನದು ಹುಟ್ಟುತ್ತದೆ, ಎಲ್ಲಿ ಉಸಿರು ತೆಗೆದುಕೊಂಡರು ಅಂತಲೇ ತಿಳಿಯುವುದಿಲ್ಲ. ಬ್ರಷ್ಷಿನ ಗೆರೆಯೂ ಹಾಗೇ ಇರಬೇಕು. ಸೆರಗಿನ ಒಂದು ಮಡಿಕೆ ಶುರು ಮಾಡಿದರೆ ನಡುವೆ ಕೈ ಎತ್ತುವಂತಿಲ್ಲ. ಎತ್ತಿದರೆ ಅಲ್ಲೊಂದು ಗಂಟು ಉಳಿಯುತ್ತದೆ, ಎಷ್ಟು ತಿದ್ದಿದರೂ ಹೋಗುವುದಿಲ್ಲ. ಮನಸೂರರ ಖಟ್ ರಾಗ ಕೇಳುತ್ತಾ ಮಸಿ ಹಾಕಿದ ಪುಟಗಳನ್ನು ನಾನು ಈಗಲೂ ಗುರುತಿಸಬಲ್ಲೆ. ಅಲ್ಲಿ ಗೆರೆಗೆ ಧೈರ್ಯ ಇದೆ.

ಅಕ್ಷರ ಬರೆಯುವಾಗ ಮಾತ್ರ ಹಾಡು ನಿಷಿದ್ಧ. ಕಿವಿಯಲ್ಲಿ ಬಿದ್ದ ಪದ ಕೈಯಲ್ಲಿ ಇಳಿದುಬಿಡುತ್ತದೆ. ಒಮ್ಮೆ ಟಿಕೆಟ್ ಕೊಡುವವರ ಬಲೂನಿನಲ್ಲಿ ವಚನದ ಅರ್ಧ ಸಾಲು ಬಂದುಬಿಟ್ಟಿತ್ತು. ಅದಕ್ಕೆ ಆಗ ರಾಜೀವ ತಾರಾನಾಥರ ಸರೋದ್ ಹಾಕಿಕೊಳ್ಳುತ್ತೇನೆ. 2024ರ ಜೂನ್‌ನಲ್ಲಿ ಅವರು ಹೋದಾಗ ನಾನು ಎರಡು ದಿನ ಅಕ್ಷರ ಬರೆಯಲಿಲ್ಲ. ಬಣ್ಣ ತುಂಬುವಾಗ ರಾಜನ್ ನಾಗೇಂದ್ರ ಅವರ ಸಿನಿಮಾ ಹಾಡುಗಳು, ಅವ್ವನೂ ಪಕ್ಕದಲ್ಲಿ ಕೂತು ಗುನುಗುತ್ತಾಳೆ. ಆ ಹೊತ್ತು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಸಂತೋಷದ ಹೊತ್ತು.

ಸೋಮನಾಥಪುರದ ದನಗಳು

ಅವ್ವನ ಪ್ರಶ್ನೆ ಬಂದ ವಾರದಲ್ಲೇ ಮೈಸೂರಿನಲ್ಲಿ ಸಂಬಂಧಿಕರ ಮದುವೆ ಇತ್ತು. ಮಾರನೆಯ ದಿನ ಮಗನನ್ನು ಕರೆದುಕೊಂಡು ಸೋಮನಾಥಪುರಕ್ಕೆ ಹೋದೆ. ಹದಿಮೂರನೆಯ ಶತಮಾನದ ದೇವಸ್ಥಾನ. ನನಗೆ ಹೊರಗೋಡೆಯ ಸಾಲುಗಳನ್ನು ನೋಡುವ ಆಸೆ. ಆನೆ, ಕುದುರೆ, ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು, ಗೋಡೆಯ ಉದ್ದಕ್ಕೂ ನಡೆಯುತ್ತಾ ಓದಬೇಕು. ಕಲ್ಲಿನ ಕಾಮಿಕ್ಸ್ ಅಂತ ಯಾರಾದರೂ ಅಂದರೆ ನಾನು ತಕ್ಷಣ ಒಪ್ಪುವುದಿಲ್ಲ, ಅದು ಅದಕ್ಕಿಂತ ದೊಡ್ಡದು. ಆದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಕಾಲು ಹೆಜ್ಜೆಯಲ್ಲಿ ಕಥೆ ದಾಟಿಸುವುದು ಅವರಿಗೆ ಗೊತ್ತಿತ್ತು.

ಅಂದು ನಾನು ನಿಂತದ್ದು ಒಳಗೆ, ವೇಣುಗೋಪಾಲನ ಎದುರು. ಮೂರು ಗರ್ಭಗುಡಿಗಳಲ್ಲಿ ಅದೊಂದು. ಒಳಗೆ ಕತ್ತಲೆ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮೊದಲು ಕೃಷ್ಣ ಕಂಡ. ಕಾಲು ಅಡ್ಡ ಹಾಕಿ ನಿಂತಿದ್ದಾನೆ, ಮುಖದಲ್ಲಿ ಯಾವ ಶ್ರಮವೂ ಇಲ್ಲ. ಊದುತ್ತಿರುವವರ ಕೆನ್ನೆ ಉಬ್ಬಬೇಕಲ್ಲ, ಅದೂ ಇಲ್ಲ. ನಾನಾಗಿದ್ದರೆ ಉಬ್ಬಿಸಿಬಿಡುತ್ತಿದ್ದೆ. ಆಮೇಲೆ ಸುತ್ತಲಿನವರು ಕಂಡರು, ಗೋಪಾಲಕರು, ಗೋಪಿಯರು. ಕೊನೆಗೆ ದನಗಳು. ಕತ್ತು ಮೇಲೆತ್ತಿ ಕೊಳಲಿನ ಕಡೆಗೇ ಮುಖ ಮಾಡಿ ನಿಂತಿವೆ.

ಮಗ ಪಿಸುಮಾತಿನಲ್ಲಿ ಕೇಳಿದ, "ಅವು ಹುಲ್ಲು ತಿಂತಾ ಇಲ್ಲ ಯಾಕಮ್ಮ?"

ನಾನು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಏಳೂವರೆ ನೂರು ವರ್ಷ ಹಿಂದೆ ಒಬ್ಬರು ಉಳಿ ಹಿಡಿದು ಕೂತು ನನ್ನ ಕಷ್ಟವನ್ನೇ ಯೋಚಿಸಿದ್ದರು. ಕಲ್ಲಿಗೂ ಕಿವಿ ಇಲ್ಲ. ಅವರು ನಾದವನ್ನು ಕೊಳಲಿನಲ್ಲಿ ಕೆತ್ತಲಿಲ್ಲ, ಬಾಯಲ್ಲಿ ಕೆತ್ತಲಿಲ್ಲ. ಹಸುವಿನ ಕತ್ತಿನಲ್ಲಿ ಕೆತ್ತಿದರು. ಮೇಯುವುದನ್ನು ಮರೆತ ಹಸು. ತಾನ್‌ಸೇನ್ ದೀಪಕ ರಾಗ ಹಾಡಿದರೆ ದೀಪ ಹತ್ತಿಕೊಂಡವು ಅನ್ನುವ ಕಥೆಯನ್ನು ಚಿತ್ರದಲ್ಲಿ ತೋರಿಸುವುದು ಸುಲಭ, ದೀಪ ಬರೆದರಾಯಿತು. ಆದರೆ ಬರೀ ಚೆನ್ನಾಗಿ ಹಾಡಿದಾಗ ಏನೂ ಹತ್ತಿಕೊಳ್ಳುವುದಿಲ್ಲ, ಮಳೆ ಬರುವುದಿಲ್ಲ. ಆಗ ಆಗುವುದು ಇಷ್ಟೇ. ಯಾರೋ ಏನೋ ಮಾಡುತ್ತಿದ್ದವರು ಅದನ್ನು ನಿಲ್ಲಿಸುತ್ತಾರೆ.

ವಾಪಸ್ ಬರುವ ಬಸ್ಸಿನಲ್ಲಿ ಅಜ್ಜ ನೆನಪಾದ. ಅವ್ವನ ಅಪ್ಪ. ಹಳೆ ಹುಬ್ಬಳ್ಳಿಯ ನಮ್ಮ ಮನೆಯ ಕಿಟಕಿಯಲ್ಲಿ ರೇಡಿಯೋ ಇರುತ್ತಿತ್ತು, ಕ್ರೋಷಾ ಹೊದಿಕೆ ಹಾಕಿದ್ದು. ಧಾರವಾಡ ಆಕಾಶವಾಣಿ ಬೆಳಿಗ್ಗೆ ಶುರುವಾದರೆ ಅಜ್ಜ ಊಟಕ್ಕೆ ಕೂರುವವರೆಗೆ ಆರಿಸುತ್ತಿರಲಿಲ್ಲ. ಅಜ್ಜನಿಗೆ ರಾಗದ ಹೆಸರು ಒಂದೂ ಗೊತ್ತಿರಲಿಲ್ಲ. ಅರಳೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವರದು. ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ರೇಡಿಯೋ ಪಕ್ಕದಲ್ಲೇ ನಿಂತು ದಾಡಿ ಮಾಡಿಕೊಳ್ಳುತ್ತಿದ್ದರು. ನಾನು ಕೆಳಗೆ ಕೂತು ಸ್ಲೇಟಿನ ಮೇಲೆ ಏನೋ ಬರೆಯುತ್ತಿದ್ದೆ. ಒಂದು ದಿನ ರೇಡಿಯೋದಲ್ಲಿ ಗಂಗೂಬಾಯಿ ಅವರ ಧ್ವನಿ. ಆಗ ಅದು ಹೆಂಗಸಿನ ಧ್ವನಿಯೋ ಗಂಡಸಿನದೋ ನನಗೆ ಗೊತ್ತಾಗಲಿಲ್ಲ. ತಲೆ ಎತ್ತಿ ನೋಡಿದರೆ ಅಜ್ಜನ ಕೈ ನಿಂತಿತ್ತು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ಮೇಲೆ ಬೆಳ್ಳಗೆ ಸಾಬೂನು. ರೇಜರ್ ಕಿವಿಯ ಹತ್ತಿರ, ಗಾಳಿಯಲ್ಲಿ. ಕನ್ನಡಿ ನೋಡುತ್ತಿದ್ದರು, ಆದರೆ ಕನ್ನಡಿಯಲ್ಲಿ ತಮ್ಮನ್ನು ನೋಡುತ್ತಿರಲಿಲ್ಲ. ಅಜ್ಜಿ ಒಳಗಿಂದ ಎರಡು ಸಲ ಕರೆದಳು. ಅಜ್ಜ ಅಲುಗಲಿಲ್ಲ.

ಆ ಹೊತ್ತು ಯಾವ ರಾಗ ಇತ್ತು ಅಂತ ನಾನು ಎಷ್ಟೋ ವರ್ಷ ಹುಡುಕಿದ್ದೇನೆ. ಬೆಳಗಿನದಾದ್ದರಿಂದ ಭೈರವ್ ಇರಬಹುದು, ಆಸಾವರಿ ಇರಬಹುದು. ಈಗ ಅದರ ಹೆಸರು ಬೇಕು ಅನ್ನಿಸುವುದಿಲ್ಲ. ಅಜ್ಜನ ಕೈ ನನಗೆ ಚೆನ್ನಾಗಿ ನೆನಪಿದೆ.

ಪುಟ 31

ಊರಿಗೆ ಬಂದು ಆ ಹಾಡುವ ಮುಖದ ಪುಟವನ್ನು ತೆಗೆದು ಬೀರುವಿನಲ್ಲಿಟ್ಟೆ. ಹೊಸ ಹಾಳೆ ಹಾಕಿದೆ. ಈಗಿನ ಪುಟದಲ್ಲಿ ಗಂಗೂಬಾಯಿ ಅವರು ಎಲ್ಲೂ ಕಾಣುವುದಿಲ್ಲ. ಕುಂದಗೋಳದ ಒಂದು ಓಣಿ, ಎಡಕ್ಕೆ ಗುರುಗಳ ಮನೆಯ ಗೋಡೆ, ಎತ್ತರದಲ್ಲಿ ಒಂದು ಕಿಟಕಿ ತೆರೆದಿದೆ. ಕಿಟಕಿಯೊಳಗೆ ಕತ್ತಲೆ. ಓಣಿಯಲ್ಲಿ ಬೇವಿನ ಮರದ ಕೆಳಗೆ ಒಬ್ಬ ಕ್ಷೌರಿಕ, ಅವನ ಎದುರು ಮಣೆಯ ಮೇಲೆ ಕೂತ ಗಿರಾಕಿ. ಇದು ನನ್ನ ಕಲ್ಪನೆ, ಯಾವ ಪುಸ್ತಕದಲ್ಲೂ ಇಲ್ಲ. ಪುಟವನ್ನು ಒಂಬತ್ತು ಸಣ್ಣ ಚೌಕಟ್ಟು ಮಾಡಿದೆ, ಮಗನ ಬೆರಳು ಓಡದಿರಲಿ ಅಂತ. ಮೊದಲನೆಯದರಲ್ಲಿ ಕ್ಷೌರಿಕ ಕತ್ತಿ ಮಸೆಯುತ್ತಿದ್ದಾನೆ, ಅಲ್ಲಿ 'ಸರ್ ಸರ್' ಅಂತ ಸದ್ದು ಬರೆದಿದ್ದೇನೆ. ಎರಡನೆಯದರಲ್ಲಿ ಅರ್ಧ ದಾಡಿ ಆಗಿದೆ, 'ಕರ ಕರ'. ಮೂರನೆಯದರಿಂದ ಯಾವ ಸದ್ದೂ ಇಲ್ಲ. ಕತ್ತಿ ಹಿಡಿದ ಕೈ ಮೇಲೇ ಇದೆ. ಗಿರಾಕಿ ತಲೆ ಸ್ವಲ್ಪ ಓರೆ ಮಾಡಿದ್ದಾನೆ, ಕಿಟಕಿಯ ಕಡೆಗೆ. ಆಮೇಲಿನ ಆರು ಚೌಕಟ್ಟುಗಳಲ್ಲಿ ಇಬ್ಬರೂ ಅಲುಗುವುದಿಲ್ಲ. ಬದಲಾಗುವುದು ಬೇವಿನ ನೆರಳು, ಒಂದು ನಾಯಿ ಬಂದು ಮಲಗುವುದು, ಕೆನ್ನೆಯ ಮೇಲಿನ ನೊರೆ. ನೊರೆಯ ಗುಳ್ಳೆಗಳನ್ನು ಪ್ರತಿ ಚೌಕಟ್ಟಿನಲ್ಲೂ ಒಂದೆರಡು ಕಡಿಮೆ ಮಾಡುತ್ತಾ ಹೋದೆ. ಕೊನೆಯದರಲ್ಲಿ ಒಂದೂ ಇಲ್ಲ, ಬಿಳಿ ಪದರದಲ್ಲಿ ಸಣ್ಣ ಬಿರುಕು. ಎರೆಮಣ್ಣಿನ ಬಿರುಕು ಬರೆದು ಪಳಗಿದ ಕೈ, ತಾನಾಗಿ ಬಂತು.

ಮುಖಗಳಿಗೆ ಬಹಳ ಕಡಿಮೆ ಗೆರೆ ಹಾಕಿದ್ದೇನೆ. ಎಣಿಸಿದೆ. ಗಿರಾಕಿಯ ಮುಖಕ್ಕೆ ಹನ್ನೊಂದು ಗೆರೆ. ದೀಪದ ಕಂಬದ ಚೀಟಿ ನೋಡಿ ಎರಡು ತೆಗೆದೆ.

ನಿನ್ನೆ ಸಂಜೆ ಪೆನ್ಸಿಲ್ ಕೆಲಸ ಮುಗಿಯಿತು. ಅವ್ವನನ್ನು ಕರೆಯಲಿಲ್ಲ. ಅವಳೇ ಚಹಾ ತಂದಳು. ಲೋಟ ಇಟ್ಟು, ಕನ್ನಡಕ ಸರಿ ಮಾಡಿಕೊಂಡು, ಬಗ್ಗಿದಳು. ನಾನು ಅಡುಗೆಮನೆಯ ಕಡೆ ನೋಡುತ್ತಾ ಕೂತೆ. ಅವಳು ಒಂದೊಂದೇ ಚೌಕಟ್ಟಿನ ಮೇಲೆ ಬೆರಳು ಇಡದೆ, ಸ್ವಲ್ಪ ಮೇಲೆ ಹಿಡಿದು, ಸರಿಸುತ್ತಾ ಹೋದಳು. ಬಹಳ ಹೊತ್ತಾಯಿತು. ಕೊನೆಯದಕ್ಕೆ ಬಂದಾಗ ಬೆರಳು ನಿಂತಿತು.

"ಎಷ್ಟೊತ್ತು ಕುಂತಾನವಾ ಈ ಮನಶ್ಯಾ," ಅಂದಳು. "ಸಾಬೂನು ಒಣಗಿ ಹೋಗೇತಿ ನೋಡು."

ಚಹಾ ಆರಿತ್ತು. ಇಬ್ಬರೂ ಕುಡಿಯಲಿಲ್ಲ.